ಕನ್ನಡದಾಗ ಹೇಳ್ರಿ

ಮಲಾಡ್‌ನ ನಮ್ಮ ಕಂಪನಿಯಲ್ಲಿ ಫೈನಾನ್ಸ್ ನೋಡಿಕೊಳ್ಳುತ್ತಿದ್ದ ಮೇಡಂ ಧಾರವಾಡದ ಕಡೆಯವರು. ಕಂಪನಿಗೆ ಬೆಲೆ ಕಟ್ಟುವ ಶೀಟ್‌ನಲ್ಲಿ ನಾನು ಯಾವ ಅಂಕಿ ಹಾಕಿದರೂ ಕನ್ನಡಕವನ್ನು ಹಣೆಗೇರಿಸಿ, "ಕನ್ನಡದಾಗ ಹೇಳ್ರಿ" ಎನ್ನುತ್ತಿದ್ದರು. ಇಂಗ್ಲಿಷಿನಲ್ಲಿ ಗತ್ತಿನಿಂದ ನಿಂತಿದ್ದ ನನ್ನ ಎಷ್ಟೋ ಅಂದಾಜುಗಳು ಕನ್ನಡದಲ್ಲಿ ಹೇಳಹೊರಟರೆ ನನಗೇ ನಗು ತರಿಸುತ್ತಿದ್ದವು.

ಒಮ್ಮೆ ಹೊರಗಿನ ಹೂಡಿಕೆದಾರರಿಗೆ ಪಾಲು ಮಾರುವ ಮಾತುಕತೆ ನಡೆದಿತ್ತು. ಮರುದಿನವೇ ಫೈಲ್ ಹೋಗಬೇಕು. ಉಡುಪಿ ಕಡೆಯವರಾದ ಮಾಲೀಕರು ಶೀಟ್‌ನಲ್ಲಿ ಮುಂದಿನ ವರ್ಷಗಳ ಮಾರಾಟದ ಅಂದಾಜನ್ನು ದುಪ್ಪಟ್ಟು ಮಾಡಿಸಿ ತಂದಿದ್ದರು.

"ಅಗ್ರೆಸಿವ್ ಪ್ರೊಜೆಕ್ಷನ್ ಮೇಡಂ, ಅಷ್ಟೇ. ನೀವು ಸಹಿ ಹಾಕದಿದ್ರೆ ನಿಮ್ಮ ಕುರ್ಚಿಯಲ್ಲಿ ಕೂರುವ ಇನ್ನೊಬ್ಬರು ಹಾಕ್ತಾರೆ."

ಮೇಡಂ ಪೆನ್ನಿನ ಮುಚ್ಚಳ ತೆಗೆಯಲಿಲ್ಲ. ಕನ್ನಡಕ ಹಣೆಗೇರಿತು. "ಕನ್ನಡದಾಗ ಹೇಳ್ರಿ ಸರ್."

ಮಾಲೀಕರು ರೇಗಿದರು. "ಎಂತ ಹೇಳುದು? ಇಲ್ಲದ ಗಿರಾಕಿಗಳನ್ನು ಉಂಟು ಅಂತ ತೋರಿಸುದು! ಎಲ್ಲರೂ ಮಾಡುದು ಅದನ್ನೇ ಅಲ್ವಾ?"

ಹೇಳಿಬಿಟ್ಟೆನಲ್ಲ ಎಂಬಂತೆ ಅವರು ನನ್ನತ್ತ ನೋಡಿದರು. ನಾನು ಲ್ಯಾಪ್‌ಟಾಪ್‌ನಲ್ಲಿ ಮುಖ ಹುದುಗಿಸಿದೆ. ಮೇಡಂ ಮಾತ್ರ ಫೈಲನ್ನು ಪೆನ್ನಿನ ಸಮೇತ ಅವರ ಮುಂದೆ ತಳ್ಳಿದರು.

"ಈಗ ಖರೇ ಹೇಳಿದ್ರಿ ನೋಡ್ರಿ. ಇದನ್ನ ಹಿಂಗ ಫೈಲ್‌ನ್ಯಾಗ ಬರೀರಿ, ನಾ ಸಹಿ ಹಾಕ್ತೀನಿ."