ಹೆಣ ಮುಟ್ಟಿದ ದಿನದ ಮಾಲೆ

ಕಳೆದ ವರ್ಷ ಡಿಸೆಂಬರ್ ಒಂಬತ್ತು, ಮಂಗಳವಾರ, ಬೆಳಿಗ್ಗೆ ಒಂಬತ್ತೂ ಮುಕ್ಕಾಲು. ಆಂಬುಲೆನ್ಸ್ ಡ್ಯೂಟಿ ಮುಗಿಸಿ ಬಂದ ಅಣ್ಣ ಮನೆಯೊಳಗೆ ಕಾಲಿಡಲಿಲ್ಲ. ಡೊಂಬಿವಲಿಯ ನಮ್ಮ ಬಿಲ್ಡಿಂಗಿನ ಮೆಟ್ಟಿಲ ಮೇಲೆ ಕೂತ. ಯೂನಿಫಾರ್ಮಿನ ಕಾಲರಿನೊಳಗೆ ಅಯ್ಯಪ್ಪನ ಮಾಲೆ. ವ್ರತದ ಇಪ್ಪತ್ತಮೂರನೆಯ ದಿನ.

"ಹೆಣ ಮುಟ್ಟಿದೆ," ಎಂದ.

ಮಾಲೆ ಹಾಕಿದವರು ಹೆಣ ಮುಟ್ಟಬಾರದು, ಮುಟ್ಟಿದರೆ ಮಾಲೆ ತೆಗೆಯಬೇಕು ಎಂದೇ ನಾವು ಕೇಳಿದ್ದು. ಅದರ ಹಿಂದಿನ ವರ್ಷ ಶಹಾಡ್ ಬಳಿ ರೈಲು ಹಳಿಯ ಮೇಲಿಂದ ಒಬ್ಬನ ಹೆಣ ಎತ್ತಿದ ಅಣ್ಣ ಯಾರನ್ನೂ ಕೇಳದೆ ಮಾಲೆ ಬಿಚ್ಚಿ ದೇವರ ಫೋಟೋಕ್ಕೆ ಹಾಕಿದ್ದ. ಸಂಜೆಗೇ ಕುಡಿದು ಬಂದ. ಅಲ್ಲಿಂದ ಹೋಳಿಯವರೆಗೆ ಅವನು ಕುಡಿಯದ ದಿನಗಳು ನನ್ನ ಡೈರಿಯಲ್ಲಿ ಹನ್ನೊಂದು.

ಆ ದಿನ ಭಿವಂಡಿಯ ಗೋದಾಮಿನಲ್ಲಿ ಬಟ್ಟೆಯ ಬೇಲುಗಳು ಲೋಡರ್ ಒಬ್ಬನ ಮೇಲೆ ಉರುಳಿದ್ದವು. ಡ್ರೈವರ್ ತಡೆದನಂತೆ: "ಸ್ವಾಮಿ, ತುಮ್ ಹಟೋ, ಮೈ ದೇಖ್ತಾ ಹೂಂ." ನೀನು ಸರಿ, ನಾನು ನೋಡ್ಕೊಳ್ತೇನೆ ಎಂದು. ನಾಡಿ ಸಿಗಲಿಲ್ಲ, ಮೈ ಮಾತ್ರ ಬೆಚ್ಚಗಿತ್ತು. ಅಣ್ಣ ಆಸ್ಪತ್ರೆಯವರೆಗೂ ಅವನ ಎದೆ ಒತ್ತುತ್ತಲೇ ಇದ್ದ. ಆಗಲೇ ಹೋಗಿದ್ದಾನೆ ಎಂದರು ಡಾಕ್ಟರು.

ಅಮ್ಮ ಬಾಗಿಲಲ್ಲಿ ಬಕೆಟ್ ಹಿಡಿದು ನಿಂತಿದ್ದಳು. ಮಾಲೆ ಹಾಕಿದ ಮೇಲೆ ಮಗನೂ ಅವಳಿಗೆ ಸ್ವಾಮಿಯೇ. "ಮೊದಲು ನೀರು ಹೊಯ್ಕೊಳ್ಳಿ ಸ್ವಾಮಿ."

ಅಣ್ಣನ ಬೆರಳು ಮಾಲೆಯ ಕೊಂಡಿಯ ಮೇಲಿತ್ತು. ಕಣ್ಣು ಮೆಟ್ಟಿಲ ಕಿಟಕಿಯಾಚೆ, ಎದುರಿನ ವೈನ್ ಶಾಪಿನ ಮುಚ್ಚಿದ ಶಟರಿನ ಮೇಲೆ. ಅದು ತೆರೆಯುವುದು ಹತ್ತಕ್ಕೆ.

ನಾನು ಅವನಿಗೆ ಮಾಲೆ ಹಾಕಿದ ಗುರುಸ್ವಾಮಿಗೆ ಫೋನ್ ಮಾಡಿ, ನಡೆದದ್ದು ಹೇಳಿ, ಸ್ಪೀಕರಿಗೆ ಹಾಕಿದೆ. ನೌಪಾಡಾದಲ್ಲಿ ಅವರದು ಸಣ್ಣ ಹೋಟೆಲು.

"ಬಿಚ್ಚಬೇಕಾಗ್ತದೆ ಸ್ವಾಮಿ. ನಿಯಮ ಹಾಗೆ ಉಂಟು."

"ಬಿಚ್ಚಿದ್ರೆ ಹತ್ತು ಗಂಟೆಗೆ ನಾನು ವೈನ್ ಶಾಪಿನ ಮುಂದೆ ಇರ್ತೇನೆ," ಎಂದ ಅಣ್ಣ.

"ಎಂತ, ನನ್ನನ್ನು ಹೆದರಿಸುದಾ?"

"ಇಲ್ಲ ಸ್ವಾಮಿ. ಇದ್ದದ್ದು ಹೇಳಿದೆ."

ಆ ಕಡೆ ಪ್ಲೇಟುಗಳ ಸದ್ದು. ಯಾರೋ "ದೋನ್ ಇಡ್ಲಿ ಪಾರ್ಸಲ್!" ಎಂದು ಕೂಗಿದರು. "ಅರೇ ಥಾಂಬ್ ರೇ!" ಎಂದು ಗದರಿ ಅವನನ್ನು ನಿಲ್ಲಿಸಿದ ಗುರುಸ್ವಾಮಿ ಪ್ಲೇಟುಗಳ ಸದ್ದಿನಿಂದ ಆಚೆ ಬಂದರು.

"ಹಾಗಾದ್ರೆ ಬಿಚ್ಚಬೇಡಿ. ಸ್ನಾನ ಮಾಡಿ ಶರಣು ಕರೀರಿ. ದೋಷ ಇದ್ರೆ ನನ್ನ ತಲೆಗೆ ಬರಲಿ. ಸರಿಯಾ ತಪ್ಪಾ, ನನಗೂ ಗೊತ್ತಿಲ್ಲ ಮಾರಾಯ್ರೇ."

ಅಣ್ಣನ ಕೈ ಕೆಳಗಿಳಿಯಿತು. ಅವನು ಬಚ್ಚಲಲ್ಲಿದ್ದಾಗ ಶಟರ್ ಎತ್ತಿದ ಸದ್ದು ಕೇಳಿಸಿತು. ಒಳಗೆ ನೀರಿನ ಸದ್ದು ನಿಂತಿತು. ಅಮ್ಮ ನನ್ನ ಮುಖ ನೋಡಿದಳು. ಆಮೇಲೆ ಮತ್ತೆ ಚೊಂಬು ಬಕೆಟಿಗೆ ತಾಗಿತು.

ಆ ಸಲ ಮಾಲೆ ಶಬರಿಮಲೆ ತಲುಪಿತು. ಈ ವರ್ಷವೂ ಹಾಕುತ್ತೇನೆ ಎನ್ನುತ್ತಾನೆ. ಆದರೆ ಆ ಗುರುಸ್ವಾಮಿ ಹೋಟೆಲು ಬಿಟ್ಟುಕೊಟ್ಟು ಊರಿಗೆ ಹೋಗಿದ್ದಾರೆ. ಹೊಸಬರು ದೋಷವನ್ನು ತಮ್ಮ ತಲೆಗೆ ತೆಗೆದುಕೊಳ್ಳುತ್ತಾರೋ ಇಲ್ಲವೋ. ಕಲ್ಯಾಣ, ನವಿ ಮುಂಬಯಿ ಕಡೆ ಆಂಬುಲೆನ್ಸು, ಫೈರ್ ಬ್ರಿಗೇಡುಗಳಲ್ಲಿದ್ದು ಮಾಲೆ ಹಾಕುವವರು ಇನ್ನೂ ಇದ್ದಾರು. ಹೆಣ ಮುಟ್ಟಿದ ದಿನ ನಿಮ್ಮ ಗುರುಸ್ವಾಮಿ ಏನು ಹೇಳಿದರು? ಗೊತ್ತಿದ್ದವರು ದಯವಿಟ್ಟು ನನಗೆ ಬರೆಯಿರಿ, ಅವನು ಮಾಲೆ ಹಾಕುವ ಮುಂಚೆ.