ಬಲಕ್ಕೆ ತಿರುಗೋಕೆ ಲೈಸೆನ್ಸು

ನಾವು ಬೆಳಗ್ಗೆ ಕಾಫಿಗೆ ಸೇರೋ ಹೋಟ್ಲಲ್ಲಿ ಈಚೆಗೆ ಒಂದು ಜಗಳ ಶುರುವಾಗಿದೆ. ಸೈಕಲ್ ಹೊಡೆಯೋರಿಗೂ ಟ್ರೈನಿಂಗ್ ಕೊಡ್ಬೇಕು, ಇನ್ಶೂರೆನ್ಸ್ ಮಾಡಿಸ್ಬೇಕು, ಲೈಟಿಲ್ದೆ ರೋಡಿಗೆ ಬಿಡ್ಲೇಬಾರ್ದು ಅಂತ ಒಬ್ಬ. ಅವನು ಮೊನ್ನೆ ಮೊನ್ನೆ ಕಾರು ತಗೊಂಡವ್ನೆ, ಅದಕ್ಕೇ ಈ ಜ್ಞಾನೋದಯ. "ಎರಡು ಚಕ್ರ ತುಳ್ಕೊಂಡು ಹೋಗೋನ ಮೇಲೆ ಯಾಕಪ್ಪ ನಿನ್ ಕಣ್ಣು?" ಅಂತ ಇನ್ನೊಬ್ಬ. ನಾನು ವಡೆ ಮುರ್ಕೊಂಡು ಸುಮ್ನೆ ಕೂತಿರ್ತೀನಿ. ಈ ಮೂರನ್ನೂ ಕೈಯಾರೆ ಕೊಟ್ಟು ಅನುಭವ ಇರೋನು ತುಮಕೂರಲ್ಲಿ ನಾನೊಬ್ಬನೇ. ದೊಡ್ಡೋರು ಚಿಕ್ಕೋರ ಜಗಳಕ್ಕೆ ಬಾಯಿ ಹಾಕ್ಬಾರ್ದು.

ಬಟವಾಡೀಲಿ ನಂದು ಬಾಡಿಗೆ ಸೈಕಲ್ ಅಂಗಡಿ ಇತ್ತು. ಗಂಟೆ ಲೆಕ್ಕದಲ್ಲಿ ಸೈಕಲ್ ಕೊಡೋದು. ನಿಮ್ಮಲ್ಲಿ ಯಾರಾದ್ರೂ ತೊಂಬತ್ತರ ಆಸುಪಾಸಲ್ಲಿ ಆ ಕಡೆ ಸೈಕಲ್ ಕಲ್ತಿದ್ರೆ, ಪ್ಯಾಂಟ್ ಮಡಚಿ ಮಂಡಿ ನೋಡ್ಕೊಳಿ. ಅಲ್ಲಿರೋ ಕಲೆ ನಂದೇ. ನಾನು ಹುಟ್ಟಿದ್ದು ಗುಬ್ಬೀಲಿ. ಗುಬ್ಬಿಯಿಂದ ತುಮಕೂರಿನ ತನಕ ಎರಡೂ ಕೈ ಬಿಟ್ಕೊಂಡು, ಕಡ್ಲೆಕಾಯಿ ಸುಲ್ಕೊಂಡು ತಿಂತಾ ಸೈಕಲ್ ಹೊಡ್ದಿರೋನು. ನಂಬಲ್ವಾ? ಸರಿ ಬುಡಿ, ಅರ್ಧ ದಾರಿ ಅಂತಲೇ ಇಟ್ಕೊಳಿ. ಕಡ್ಲೆಕಾಯಿ ಮಾತ್ರ ಸುಳ್ಳಲ್ಲ.

ನನ್ನ ಅಂಗಡೀಲಿ ಇನ್ಶೂರೆನ್ಸೂ ಇತ್ತು. ಒಂದು ಡಬ್ಬಿ ಕಾಫಿಪುಡಿ. ಬಿದ್ದು ಬಂದೋರ ಗಾಯಕ್ಕೆ ಒತ್ತಿ ಕಳಿಸ್ತಿದ್ದೆ. ಲೈಟು ಅಂದ್ರೆ, ಇರೋ ಅಷ್ಟೂ ಸೈಕಲ್‌ಗೆ ಸೇರಿ ಒಂದೇ ಒಂದು ಡೈನಮೋ ಇತ್ತು. ಅದು ಬೆಳಕು ಕೊಡೋದಕ್ಕಿಂತ ತೊಡೆನೋವು ಜಾಸ್ತಿ ಕೊಡೋದು ಅಂತ ಬಿಚ್ಚಿ ಗಲ್ಲಾಪೆಟ್ಟಿಗೆ ಮೇಲೆ ಶೋಗೆ ಇಟ್ಟಿದ್ದೆ.

ಇನ್ನು ಟ್ರೈನಿಂಗು. ಅದರ ಕತೆಯೇ ಹೇಳ್ಬೇಕಾಗಿರೋದು.

ನನ್ನ ಹೆಂಡ್ತಿ ತವರು ಕುಣಿಗಲ್ ತಾಲೂಕು, ಮಾರ್ಕೋನಹಳ್ಳಿ ಡ್ಯಾಮಿನ ಚಾನಲ್ ನೀರು ಹರಿಯೋ ಕಡೆ ಒಂದು ಹಳ್ಳಿ. ಹೆಣ್ಣು ನೋಡೋಕೆ ನಾನು ಸೈಕಲ್ ಮೇಲೇ ಹೋಗಿದ್ದೆ. ಅವಳ ತಮ್ಮ ಆಗಿನ್ನೂ ಚಿಕ್ಕೋನು. ಬೀಗರ ಮುಂದೆ ಒಂದು ಸ್ಟೈಲ್ ಹೊಡೆಯೋಣ ಅಂತ ಅವನನ್ನ ಮುಂದಿನ ಬಾರ್ ಮೇಲೆ ಕೂರಿಸ್ಕೊಂಡು ಕೈ ಬಿಟ್ಟೆ. ಸೈಕಲ್ಲು, ನಾನು, ಅವನು, ನನ್ನ ಹೊಸ ಬಿಳೀ ಅಂಗಿ, ಎಲ್ಲಾ ಸೀದಾ ಚಾನಲ್‌ಗೆ. ಮದುವೆ ಏನೋ ಆಯ್ತು. ಆದ್ರೆ ಆ ಹುಡುಗ ದೊಡ್ಡೋನಾಗಿ, ಮೀಸೆ ಬಂದು, ಎಮ್ಮೆಕೋಣದ ಥರ ಬೆಳೆದ್ರೂ ಸೈಕಲ್ ಮುಟ್ಟಲಿಲ್ಲ. ಎಲ್ಲಿಗಾದ್ರೂ ನಡ್ಕೊಂಡೇ.

ಅಂಥಾವನಿಗೆ ಅವರ ಹಳ್ಳೀಲೇ ಪೋಸ್ಟ್‌ಮನ್ ಕೆಲಸ ಬಂತು. ಬೇರೆ ಎಲ್ಲಾ ಸರಿಯಿತ್ತು. ಒಂದು ಷರತ್ತು ಮಾತ್ರ: ಸೈಕಲ್ ಹೊಡೆಯೋಕೆ ಬರಬೇಕು. ಪೋಸ್ಟಲ್ ಇನ್ಸ್‌ಪೆಕ್ಟರ್ ಬಂದು ಹೊಡೆಸಿ ನೋಡ್ತಾರೆ. ಬರಲಿಲ್ಲ ಅಂದ್ರೆ ಕೆಲಸ ಮುಂದಿನವನಿಗೆ.

ನನ್ನ ಹೆಂಡ್ತಿ ತವರಿಂದ ತಮ್ಮನ್ನ ಕರ್ಕೊಂಡು ತುಮಕೂರಿನ ಶೆಟ್ಟಿಹಳ್ಳೀಲಿರೋ ನಮ್ಮ ಮನೆಗೇ ಬಂದ್ಲು. "ಕೆಡಿಸಿದ್ದು ನೀವು, ಸರಿ ಮಾಡೋದೂ ನೀವೇ. ಕೆಲಸ ಹೋಯ್ತೋ, ನಿಮಗೆ ಈ ಮನೇಲಿ ಮುದ್ದೆ ಇಲ್ಲ, ಸಾರೂ ಇಲ್ಲ" ಅಂದ್ಲು. ಅವಳು ಬೆದರಿಸೋದಿಲ್ಲ, ತಿಳಿಸ್ತಾಳೆ ಅಷ್ಟೆ.

ಮನೆ ಹತ್ರದ ಖಾಲಿ ಮೈದಾನದಲ್ಲಿ ಪಾಠ ಶುರುವಾಯ್ತು. ಬಾಮೈದ ರೂಲ್ಸಿನ ಮನುಷ್ಯ. ಏನಕ್ಕೂ ನಿಯಮ ಏನು ಅಂತ ಕೇಳ್ದೆ ಮುಂದೆ ಹೋಗಲ್ಲ. ಬಸ್ಸಲ್ಲಿ ಟಿಕೆಟ್ ಹಿಂದೆ ಬರೆದಿರೋದನ್ನ ಓದೋ ಜಾತಿ. ಮೊದಲ ದಿನವೇ ಹ್ಯಾಂಡಲ್ ಹಿಡ್ಕೊಂಡು, "ಭಾವ, ಇದಕ್ಕೆ ಲೈಸೆನ್ಸ್ ಬೇಡ್ವಾ?" ಅಂತ ಕೇಳ್ದ.

ನೋಡಿ, ಇಂಥಾ ಪ್ರಶ್ನೆ ಕೇಳಿದ್ರೆ ನನ್ನ ನಾಲಿಗೆ ನನ್ನ ಮಾತು ಕೇಳಲ್ಲ. "ಎಡಕ್ಕೆ ತಿರುಗೋಕೆ ಬೇಡ ಕಣೋ" ಅಂದೆ. "ಬಲಕ್ಕೆ ತಿರುಗಬೇಕು ಅಂದ್ರೆ ಬೇಕು. ಬಲಕ್ಕೆ ತಿರುಗಿದ್ರೆ ಎದುರಿಂದ ಬರೋರಿಗೆ ಅಡ್ಡ ಹೋಗ್ತೀವಲ್ಲ, ಅದಕ್ಕೆ ಗೌರ್ಮೆಂಟು ಪರ್ಮಿಶನ್ ಕೊಡ್ಬೇಕು."

ಅವನು ಸ್ವಲ್ಪ ಯೋಚಿಸಿ, "ನ್ಯಾಯವಾಗೇ ಇದೆ" ಅಂದ.

ಸಂಜೆ ನಿಜ ಹೇಳ್ಬಿಡೋಣ ಅಂತಿದ್ದೆ, ನಿಮ್ಮಾಣೆ. ಆದ್ರೆ ಅವನು ಮೈದಾನದಲ್ಲಿ ಎಡಕ್ಕೇ ಸುತ್ತಿ ಸುತ್ತಿ, ಬೀಳ್ತಾ ಏಳ್ತಾ, ವಾರದಲ್ಲಿ ಸೈಕಲ್ ಕಲ್ತೇಬಿಟ್ಟ. ಹೆಂಡ್ತಿ ಖುಷಿಯಾಗಿ ಅವನನ್ನ ಹಾಲು ತರೋಕೆ ಕಳಿಸಿದ್ಲು. ಹಾಲಿನ ಬೂತು ನಮ್ಮ ಗೇಟಿಂದ ಬಲಕ್ಕೆ ನಾಲ್ಕು ಮನೆ ಆಚೆ. ಇವನು ಎಡಕ್ಕೆ ಹೊರಟು, ಆ ಬೀದಿ, ಹಿಂದಿನ ಬೀದಿ, ಶಾಲೆ ಬೀದಿ ಎಲ್ಲಾ ಸುತ್ತಿ, ಬೂತಿಗೆ ಆ ಕಡೆಯಿಂದ ಬಂದ. "ಹಾಲು ಯಾಕೋ ಇಷ್ಟು ಹೊತ್ತು?" ಅಂತ ಅವಳು ಕೇಳಿದ್ರೆ, "ರೂಲ್ಸ್ ಪ್ರಕಾರ ಬಂದೆ ಅಕ್ಕ" ಅಂದ.

ಇಂಥಾದ್ದನ್ನ ಕಣ್ಣಾರೆ ನೋಡಿ, ಯಾರಾದ್ರೂ ನಿಲ್ಲಿಸ್ತಾರೇನ್ರೀ? ಮಾರನೇ ದಿನ ಅಂಗಡಿಗೆ ಕರ್ಕೊಂಡು ಹೋದೆ. ಅಂಗಡಿ ಪಕ್ಕದ ಟೈಲರ್ ಭಾಯಿ ನನ್ನ ಹಳೇ ಗೆಳೆಯ. ಅವರಿಗೆ ಕಿವೀಲಿ ವಿಷಯ ಊದಿದೆ. ಇಬ್ಬರೂ ಸೇರ್ಕೊಂಡು ಬಾಮೈದನ್ನ ಬಲಗಡೆ ಇರೋ ಅಂಗಡಿಗಳಿಗೇ ಕಳಿಸೋದು. ಒಂದು ಸಲ ಅಂಗಿ ಗುಂಡಿ ತಾ ಅಂತ, ಒಂದು ಸಲ ಬೀಡಿ ತಾ ಅಂತ. ಅವನು ಇಡೀ ಬಟವಾಡಿ ಎಡಕ್ಕೆ ಸುತ್ಕೊಂಡು, ಬೆವರಿಳಿಸ್ಕೊಂಡು ಬಂದು ಕೊಡೋನು. ಭಾಯಿ ಕತ್ತರಿ ಕೆಳಗಿಟ್ಟು ಹೊಟ್ಟೆ ಹಿಡ್ಕೊಂಡು ನಗೋರು.

ಹೀಗೇ ಇರುವಾಗ ಹಳ್ಳಿಯಿಂದ ಕಾಗದ ಬಂತು. ಇನ್ಸ್‌ಪೆಕ್ಟರು ನಾಡಿದ್ದೇ ಬರ್ತಾರೆ.

ಆಗ ನನ್ನ ನಗು ನಿಂತ್ಹೋಯ್ತು. ಬಾಮೈದನ್ನ ಮೈದಾನಕ್ಕೆ ಕರ್ಕೊಂಡು ಹೋಗಿ ಎಲ್ಲಾ ಒಪ್ಕೊಂಡೆ. ಲೈಸೆನ್ಸೂ ಇಲ್ಲ ಮಣ್ಣೂ ಇಲ್ಲ, ತಮಾಷೆಗೆ ಹೇಳ್ದೆ, ಬಲಕ್ಕೂ ತಿರುಗಬಹುದು ಕಣೋ ಅಂದೆ. ಅವನು ಬಯ್ಯಲಿಲ್ಲ. "ಅಂಗಾದ್ರೆ ಆ ಬೀಡಿ?" ಅಂದ. "ಅದೂ" ಅಂದೆ. "ಗುಂಡೀನೂ?" "ಅದೂ ಕಣಪ್ಪ, ಈಗ ಹತ್ತು."

ಹತ್ತಿದ. ಬಲಕ್ಕೆ ತಿರುಗಿಸಿದ. ಬಿದ್ದ. ಮತ್ತೆ ಹತ್ತಿದ, ಮತ್ತೆ ಬಿದ್ದ. ಬುದ್ಧಿಗೆ ಗೊತ್ತಾಗಿದೆ, ಕೈಗೆ ಗೊತ್ತಾಗ್ತಿಲ್ಲ. ಹ್ಯಾಂಡಲ್ ಒಂಚೂರು ಬಲಕ್ಕೆ ಹೋದ ತಕ್ಷಣ ಮೈಯೆಲ್ಲಾ ಮರದ ಕೊರಡಾಗಿ ಧೊಪ್ ಅಂತ ನೆಲಕ್ಕೆ. ಮಧ್ಯಾಹ್ನ ಭಾಯಿ ಕೂಡ ಅಂಗಡಿ ಬಾಗಿಲು ಹಾಕ್ಕೊಂಡು ಬಂದು ಒಂದು ಕಡೆ ಹಿಡ್ಕೊಂಡ್ರು, ನಾನೊಂದು ಕಡೆ. ಮೂವರೂ ಬಿದ್ವಿ.

ಭಾಯಿ ಟೋಪಿ ಕೊಡವ್ಕೊಂಡು, "ಬಟ್ಟೆ ಉಲ್ಟಾ ಹೊಲ್ದಿದ್ರೆ ಬಿಚ್ಚಿ ಹೊಲೀಬೋದು. ಇವನನ್ನ ಎಲ್ಲಿಂದ ಬಿಚ್ಚೋದು ಮಾರಾಯ?" ಅಂದ್ರು.

"ಇಳಿದು, ಸೈಕಲ್ ತಿರುಗಿಸ್ಕೊಂಡು, ಮತ್ತೆ ಹತ್ತಿದ್ರೆ?" ಅಂದೆ.

"ಹತ್ತೋಕೆ ನನಗೆ ಕಟ್ಟೆ ಬೇಕಲ್ಲ ಭಾವ" ಅಂದ ಬಾಮೈದ. ಅದೂ ನಿಜ. ಆ ಮೈಯನ್ನ ಸೀಟಿನ ಮೇಲೆ ಇಡೋಕೆ ಪ್ರತಿ ಸಲ ಒಂದು ಜಗಲಿನೋ ಕಲ್ಲೋ ಬೇಕು. ಅದನ್ನೂ ನಾನು ಕಲಿಸಿರಲಿಲ್ಲ. ಕಟ್ಟೆ ಹಿಡ್ಕೊಂಡು ಹತ್ತೋದು ನೋಡೋಕೆ ಚೆನ್ನಾಗಿತ್ತು, ಬಿಟ್ಟಿದ್ದೆ.

ಸಂಜೆ ಮನೆಗೆ ಹೋದ್ರೆ ಹೆಂಡ್ತಿ ಅವನ ಮಂಡಿ ನೋಡಿದ್ಲು, ಆಮೇಲೆ ನನ್ನ ಮುಖ ನೋಡಿದ್ಲು. ಅವನಿಗೆ ಎರಡು ಮುದ್ದೆ ಇಟ್ಟು, ನನ್ನ ತಟ್ಟೆ ತೊಳೆದು ಬೋರಲು ಹಾಕಿದ್ಲು.

ಟೆಸ್ಟಿನ ದಿನ ನನ್ನದೇ ಅಂಗಡಿ ಸೈಕಲ್ಲನ್ನ ಬಸ್ಸಿನ ಟಾಪಿಗೆ ಹಾಕಿಸ್ಕೊಂಡು, ಕುಣಿಗಲ್‌ನಲ್ಲಿ ಬಸ್ ಬದಲಾಯಿಸಿ ಹಳ್ಳಿ ಸೇರಿದ್ವಿ. ಇನ್ಸ್‌ಪೆಕ್ಟರ ಬಸ್ಸು ಕೆಟ್ಟು, ಅವರು ಬಂದಾಗ ಹೊತ್ತು ಇಳೀತಿತ್ತು. ಕನ್ನಡಕದ ಸಣಕಲು ಮನುಷ್ಯ, ಆಯಾಸ ಆಗಿತ್ತು. ಪೋಸ್ಟಾಫೀಸಿನ ಜಗಲಿ ಮೇಲೆ ಕೂತು, ರೋಡಿನ ಆ ತುದೀಲಿ ಕಾಣೋ ಹಾಲಿನ ಡೈರಿ ಕಡೆ ಕೈ ತೋರಿಸಿ, "ಅಲ್ಲಿ ತನಕ ಹೋಗಿ ತಿರುಗಿಸ್ಕೊಂಡು ಬಾರಪ್ಪ. ಕಾಲು ನೆಲಕ್ಕೆ ಇಡಬಾರದು" ಅಂದ್ರು.

ಬಾಮೈದ ಜಗಲಿ ಹಿಡ್ಕೊಂಡು ಸೈಕಲ್ ಹತ್ತಿದ. ನನ್ನ ಕಡೆ ಒಂದು ಸಲ ನೋಡಿದ. ಹೊರಟ. ಸೊಗಸಾಗೇ ಹೊಡೆದ, ನನ್ನ ಶಿಷ್ಯ ಅಲ್ವಾ. ಡೈರಿ ಬಂತು. ನಾನು ಕಣ್ಣು ಮುಚ್ಕೊಂಡೆ. ಧೊಪ್ ಅನ್ನೋ ಸದ್ದು ಬರಲಿಲ್ಲ. ಕಣ್ಣು ಬಿಟ್ರೆ, ರೋಡಲ್ಲಿ ಅವನೇ ಇಲ್ಲ. ಡೈರಿ ಪಕ್ಕದ ಗಾಡಿದಾರೀಲಿ ಎಡಕ್ಕೆ ತಿರುಗಿ ತೆಂಗಿನ ತೋಟದೊಳಗೆ ಮಾಯ.

"ಎಲ್ಲಿಗೆ ಹೋದ?" ಅಂದ್ರು ಇನ್ಸ್‌ಪೆಕ್ಟರು.

"ಸ್ವಲ್ಪ ದೂರ ಹೋಗಿ ತಿರುಗಿಸ್ತಾನೆ ಸಾರ್. ಹುಷಾರಿ."

ಆ ಗಾಡಿದಾರಿ ಎಲ್ಲಿಗೆ ಹೋಗುತ್ತೆ ಅಂತ ನನಗೆ ಗೊತ್ತಿತ್ತು. ತೋಟ ದಾಟಿ ಚಾನಲ್ ಏರಿ ಮೇಲೆ. ಅಲ್ಲಿಂದ ಎಡಕ್ಕೆ, ಸೇತುವೆ ಹತ್ರ ಮತ್ತೆ ಎಡಕ್ಕೆ, ಊರ ಹಿಂದಿನ ಹೊಲಗಳ ಸುತ್ತ ಬಂದು ಇದೇ ರೋಡಿನ ಈ ತುದಿಗೆ ಸೇರುತ್ತೆ. ಬಲಕ್ಕೆ ಒಂದೂ ತಿರುವಿಲ್ಲ. ಲೆಕ್ಕ ಹಾಕಿಯೇ ಹೋಗವ್ನೆ ಅಂತ ಮೊದಲು ಹೆಮ್ಮೆ ಆಯ್ತು. ಆಮೇಲೆ ಹೊತ್ತು ಮುಳುಗ್ತಾ ಬಂತು. ಕರೆಂಟ್ ಬೇರೆ ಹೋಯ್ತು. ಏರಿ ಮೇಲೆ ಒಂದು ಮಾರು ದಾರಿ, ಪಕ್ಕದಲ್ಲಿ ತುಂಬಿದ ಚಾನಲ್. ನಾನೇ ಅವನನ್ನ ಬೀಳಿಸಿದ್ದ ಚಾನಲ್. ಸೈಕಲ್‌ಗೆ ಲೈಟಿಲ್ಲ. ಡೈನಮೋ ನನ್ನ ಗಲ್ಲಾಪೆಟ್ಟಿಗೆ ಮೇಲೆ ಫಳಫಳ ಅಂತ ಕೂತಿದೆ.

ಜೀವನದಲ್ಲಿ ಎಷ್ಟೋ ಜನರನ್ನ ಯಾಮಾರಿಸಿದೀನಿ, ಅವತ್ತಿನಷ್ಟು ಯಾವತ್ತೂ ಹೆದರಿಲ್ಲ. ಕೆಲಸ ಹೋದ್ರೆ ಹೋಗ್ಲಿ, ಮುದ್ದೆನೂ ಹೋಗ್ಲಿ ಅಂತ ಎದ್ದು ಓಡೋಕೆ ನೋಡಿದೆ. "ಕೂತ್ಕೊಳ್ರೀ, ನೀವು ಯಾವ ಕಡೆ ಹುಡುಕ್ತೀರ?" ಅಂದ್ರು ಇನ್ಸ್‌ಪೆಕ್ಟರು. "ಸೈಕಲ್‌ಗೆ ಲೈಟು ಇದೆ ತಾನೆ?"

"ಅಂಗಡೀಲಿದೆ ಸಾರ್" ಅಂತ ನಿಜಾನೇ ಹೇಳ್ದೆ. ನಾನು!

ಎಲ್ಲರೂ ಡೈರಿ ಕಡೆಗೇ ನೋಡ್ತಾ ನಿಂತಿದ್ವಿ. ಆಗ ಬೆನ್ನ ಹಿಂದೆ ಟ್ರಿಣ್ ಅಂತ ಬೆಲ್ಲು. ತಿರುಗಿ ನೋಡಿದ್ರೆ ಕತ್ತಲಲ್ಲಿ ಒಂದು ಲಾಟೀನು ತೂಗಾಡ್ಕೊಂಡು ಬರ್ತಿದೆ. ಲಾಟೀನಿನ ಮೇಲೆ ನನ್ನ ಬಾಮೈದನ ಮೀಸೆ.

ಬಂದು ಜಗಲಿಗೆ ಕಾಲು ಕೊಟ್ಟು ನಿಂತ. ಇನ್ಸ್‌ಪೆಕ್ಟರು ವಾಚ್ ನೋಡಿ, "ಏನಯ್ಯ, ಅಲ್ಲಿಗೆ ಹೋಗಿ ಬರೋಕೆ ಮುಕ್ಕಾಲು ಗಂಟೆನಾ?" ಅಂದ್ರು. ನಾನು ಒಂದು ಒಳ್ಳೇ ಸುಳ್ಳು ರೆಡಿ ಮಾಡ್ಕೊಂಡಿದ್ದೆ. ಕಾಗದ ಹಂಚೋ ಬೀಟ್ ಪೂರ್ತಿ ನೋಡ್ಕೊಂಡು ಬರೋಕೆ ಹೋಗಿದ್ದ ಅಂತ. ಬಾಯಿ ತೆಗೆಯೋಷ್ಟರಲ್ಲಿ ಆ ರೂಲ್ಸಿನ ಮನುಷ್ಯ, "ನನಗೆ ಬಲಕ್ಕೆ ತಿರುಗಿಸೋಕೆ ಬರಲ್ಲ ಸಾರ್. ಅದಕ್ಕೆ ಎಡಗಡೆಯಿಂದಲೇ ಸುತ್ಕೊಂಡು ಬಂದೆ" ಅಂದ್ಬಿಟ್ಟ.

"ಈ ಲಾಟೀನು?"

"ಸೇತುವೆ ಹತ್ರ ಪಂಪ್‌ಸೆಟ್ ಮನೆ ಅಜ್ಜಿ ಬೈದ್ಲು ಸಾರ್. 'ಲೈಟಿಲ್ದೆ ಎಲ್ಲಿಗ್ಲಾ ಸಾಯೋಕೆ ಹೋಗ್ತೀಯ' ಅಂತ ಇದನ್ನ ಹ್ಯಾಂಡಲ್‌ಗೆ ತಗಲಾಕಿದ್ಲು. ನಾನು ಪೋಸ್ಟಿನವನು ಅಂದಿದ್ದಕ್ಕೆ ಮಗಳಿಗೆ ಹಾಕು ಅಂತ ಈ ಕಾಗದ ಕೊಟ್ಲು."

"ಅಲ್ಲಿ ಕಾಲು ಕೆಳಗಿಟ್ಯಾ?"

"ಇಲ್ಲ ಸಾರ್. ಸೇತುವೆ ಕಟ್ಟೆಗೆ ಕೊಟ್ಟೆ. ಕಟ್ಟೆ ನೆಲ ಅಲ್ವಲ್ಲ."

ಇನ್ಸ್‌ಪೆಕ್ಟರು ಅಜ್ಜಿ ಕಾಗದ ಇಸ್ಕೊಂಡು ತಿರುಗಿಸಿ ನೋಡಿದ್ರು. ಆಮೇಲೆ ಅದೇ ಲಾಟೀನಿನ ಬೆಳಕಲ್ಲಿ ಫೈಲ್ ತೆಗೆದು, ಬೆರಳಿಟ್ಟು ಓದಿದ್ರು. "ಸೈಕಲ್ ಹೊಡೆಯೋಕೆ ಬರಬೇಕು ಅಂತಿದೆ. ಯಾವ ಕಡೆಗೆ ಅಂತ ಬರೆದಿಲ್ಲ" ಅಂದು ಸೈನ್ ಹಾಕಿದ್ರು. ಫೈಲ್ ಮುಚ್ಚಿ ನನ್ನ ಕಡೆ ತಿರುಗಿ, "ಕಲಿಸಿದ್ದು ನೀವೇನಾ?" ಅಂದ್ರು. ಹೌದು ಅಂತ ಜಂಬ ಕೊಚ್ಕೊಳೋಕೆ ಇಷ್ಟು ಒಳ್ಳೇ ಅವಕಾಶ ಸಿಕ್ಕಿತ್ತು. "ಅಲ್ಲ ಸಾರ್, ಯಾರೋ ತುಮಕೂರಿನವನು" ಅಂದೆ.

ಮಾರನೇ ದಿನವೇ ಡೈನಮೋ ತಗೊಂಡು ಹೋಗಿ, ಅವನಿಗೇ ಬಿಟ್ಟುಕೊಟ್ಟಿದ್ದ ಆ ಸೈಕಲ್‌ಗೆ ನಾನೇ ಹಾಕಿ ಬಂದೆ. ಊರಿಗೆ ಬಂದು ಅಂಗಡಿಯ ಎಲ್ಲಾ ಸೈಕಲ್‌ಗೂ ಹಾಕಿಸಿದೆ. ತೊಡೆನೋವು ಅಂತ ಬೈದ ಗಿರಾಕಿಗಳಿಗೆ, "ಬೇಕಾದ್ರೆ ಹೊಡಿ, ಇಲ್ದಿದ್ರೆ ನಡಿ" ಅಂತಿದ್ದೆ. ಭಾಯಿ ಕೇಳಿದ್ರು, "ಏನ್ ಸಾಹೇಬ್ರೇ, ಯಾವಾಗಿಂದ ಒಳ್ಳೆಯವರಾದ್ರಿ?"

ಬಾಮೈದ ಹತ್ತು ವರ್ಷಕ್ಕೂ ಹೆಚ್ಚು ಕಾಲ ಎಡಕ್ಕೇ ಸುತ್ತಿ ಪೋಸ್ಟ್ ಹಂಚಿದ. ಪೋಸ್ಟಾಫೀಸಿಗೆ ಅಂಟಿಕೊಂಡೇ ಬಲಗಡೆ ಒಂದು ಮನೆ ಇತ್ತು. ಇಡೀ ಬೀಟಲ್ಲಿ ಕೊನೇ ಕಾಗದ ಆ ಮನೆಗೆ. ಗೋಡೆ ಆಚೆ ಸೀಲ್ ಹೊಡೆಯೋ ಸದ್ದು ಬೆಳಗ್ಗೆ ಕೇಳಿಸ್ಕೊಂಡ ಯಜಮಾನನಿಗೆ ಕಾಗದ ಸಿಗೋದು ಮಧ್ಯಾಹ್ನದ ನಿದ್ದೆ ಮುಗಿಸಿ ಎದ್ದಾಗ. "ನಡ್ಕೊಂಡು ಹೋಗಿ ಕೊಡೋ" ಅಂದೆ ಒಂದು ಸಲ. "ಸುತ್ಕೊಂಡು ಬರ್ತಾ ಸಿಕ್ತಾರೆ ಬುಡಿ ಭಾವ" ಅಂದ.

ಎರಡು ಸಾವಿರ ದಾಟಿದ ಮೇಲೆ ಅವನು ಒಂದು ಮೊಪೆಡ್ ತಗೊಂಡ. ಅದಕ್ಕೆ ನಿಜವಾಗ್ಲೂ ಲೈಸೆನ್ಸ್ ಬೇಕು, ಟೆಸ್ಟಲ್ಲಿ ಇಂಗ್ಲಿಷ್ ಎಂಟರ ಥರ ಸುತ್ತು ಹೊಡಿಬೇಕು. ಎಂಟಿನ ಅರ್ಧ ಬಲಕ್ಕೇ ಇರುತ್ತೆ. ನನ್ನನ್ನ ಹತ್ರ ಸೇರಿಸ್ದೆ, ದುಡ್ಡು ಕೊಟ್ಟು ಡ್ರೈವಿಂಗ್ ಸ್ಕೂಲಲ್ಲಿ ಕಲ್ತ. ಕೈ ಕೊನೆಗೂ ಮಾತು ಕೇಳ್ತು.

ಅದಕ್ಕೇ ಹೋಟ್ಲಲ್ಲಿ ಆ ಕಾರಿನವನು ಕೇಳಿದ್ರೆ ನಾನು ಹೇಳೋದು ಇಷ್ಟೆ. ಲೈಟು ಬೇಕೇ ಬೇಕಪ್ಪ, ಅದರಲ್ಲಿ ಮಾತಿಲ್ಲ. ಇನ್ಶೂರೆನ್ಸ್‌ಗೆ ಕಾಫಿಪುಡಿ ಸಾಕು. ಟ್ರೈನಿಂಗೂ ಕೊಡಿ. ಆದ್ರೆ ಕೊಡೋನು ಯಾರು ಅಂತ ಮೊದಲು ವಿಚಾರಿಸಿ.

ಲೈಸೆನ್ಸ್ ಕೈಗೆ ಬಂದ ದಿನ ಬಾಮೈದ ಅದನ್ನ ಪ್ಲಾಸ್ಟಿಕ್ ಕವರಲ್ಲಿ ಹಾಕ್ಕೊಂಡು ಸೀದಾ ಶೆಟ್ಟಿಹಳ್ಳಿ ಮನೆಗೆ ಬಂದ. ಅಕ್ಕನಿಗೆ ತೋರಿಸಲಿಲ್ಲ. ನನ್ನ ಮುಂದೆ ಹಿಡ್ಕೊಂಡು, ಮುಖದಲ್ಲಿ ಒಂದು ಗೆರೆ ಅಲ್ಲಾಡಿಸ್ದೆ ಕೇಳ್ದ:

"ಭಾವ, ಇನ್ಮೇಲೆ ಬಲಕ್ಕೆ ತಿರುಗಬಹುದು ತಾನೆ?"

ಒಳಗಡೆ ಅಡುಗೆಮನೇಲಿ ನನ್ನ ಹೆಂಡ್ತಿ ನಗೋದು ಕೇಳಿಸ್ತು.