ಇಂಟರ್ನೆಟ್‌ನಿಂದ ನಮ್ಮ ಮನೆ ವಿಳಾಸ ಅಳಿಸಿದ್ದು

"ನಿನ್ನ ಫ್ರೆಂಡ್ ಅಂತ ಒಬ್ರು ಬಂದಾರ. ಚಾ ಕುಡಿಯಾಕತ್ಯಾರ."

ಕುರುಗೋಡಿನಿಂದ ಅವ್ವ ಹೀಗೆ ಫೋನ್ ಮಾಡಿದಾಗ ನಾನು ಬಳ್ಳಾರಿಯಲ್ಲಿ ಪೇಷಂಟ್ ಒಬ್ಬರ ಮನೆಯಲ್ಲಿದ್ದೆ. ನಾನು ಫಿಸಿಯೋಥೆರಪಿಸ್ಟ್. ಮನೆಗಳಿಗೆ ಹೋಗಿ ಚಿಕಿತ್ಸೆ ಕೊಡುತ್ತೇನೆ.

ಬಂದವರ ಹೆಸರು ಕೇಳಿದೆ. ಅವ್ವ ಹೇಳಿದಳು. ನಾನು ದೂರ ಇಟ್ಟಿದ್ದವನೇ ಅವನು.

ಅವನ ತಾಯಿಯ ಮೊಣಕಾಲಿಗೆ ನಾನೇ ಚಿಕಿತ್ಸೆ ಕೊಟ್ಟಿದ್ದೆ. ಅದು ಮುಗಿದ ಮೇಲೂ ಅವನ ಮೆಸೇಜ್ ನಿಲ್ಲಲಿಲ್ಲ. ಬೇಡ ಅಂದೆ, ಕೊನೆಗೆ ಬ್ಲಾಕ್ ಮಾಡಿದೆ. ನನ್ನ ಊರು ಯಾವುದೆಂದು ಅವನಿಗೆ ಒಮ್ಮೆಯೂ ಹೇಳಿರಲಿಲ್ಲ...

ಪಕ್ಕದ ಮನೆಯ ಶಾಂತಕ್ಕನಿಗೆ ಫೋನ್ ಹಚ್ಚಿದೆ. ಆಕೆ ಹೋಗಿ ಅವನೆದುರೇ ಕುರ್ಚಿ ಎಳೆದುಕೊಂಡು ಕೂತಳು. ಸ್ವಲ್ಪ ಹೊತ್ತಿಗೆ ಅವನೇ ಎದ್ದು ಹೋದ.

ಮನೆ ಹೇಗೆ ಸಿಕ್ಕಿತಂತೆ ಅಂತ ಅವ್ವನನ್ನು ಕೇಳಿದೆ. "ಅದೇನೋ ನೆಟ್ಟಿನ್ಯಾಗ ಐತಂತಲ್ಲ" ಅಂದಳು.

ಹೌದು, ಇತ್ತು. ನನ್ನ ಹೆಸರಿನ ಜೊತೆ ಬಳ್ಳಾರಿ ಅಂತ ಹಾಕಿ ಹುಡುಕಿದರೆ ಜನರ ಮಾಹಿತಿ ಕೊಡುವ ಒಂದು ವೆಬ್‌ಸೈಟ್ ಬಂತು. ಫೋನ್ ನಂಬರ್, ಅವ್ವನ ಹೆಸರು, 'ಹಳೇ ಹಿಟ್ಟಿನ ಗಿರಣಿ ಹಿಂದೆ, ಕುರುಗೋಡು' ಅನ್ನುವ ವಿಳಾಸ. ಕೆಳಗೆ ಮ್ಯಾಪ್ ಬೇರೆ.

ಪೊಲೀಸರಿಗೆ ದೂರು ಕೊಟ್ಟೆ. ಅವನನ್ನು ಕರೆಸಿ ಮುಚ್ಚಳಿಕೆ ಬರೆಸಿಕೊಂಡರು. "ಇನ್ನ ಅವ ನಿಮ್ಮ ತಂಟೆಗೆ ಬರಂಗಿಲ್ಲ ಬಿಡ್ರಿ" ಅಂದರು.

ಸರಿ, ಅವನು ಬರಲಿಕ್ಕಿಲ್ಲ. ಆದರೆ ವಿಳಾಸ ಅಲ್ಲೇ ಇದೆಯಲ್ಲ?

ಆ ಸೈಟಿನ ತಳದಲ್ಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ, ಮಾಹಿತಿ ತೆಗೆಸುವ ಲಿಂಕ್ ಸಿಕ್ಕಿತು. ಒತ್ತಿದರೆ ಆಧಾರ್ ಫೋಟೋ ಕಳಿಸಿ ಅನ್ನುತ್ತದೆ. ಕದ್ದವನಿಗೇ ಬೀಗದ ಕೈ ಕೊಟ್ಟ ಹಾಗಾಯಿತಲ್ಲ.

ನಾನು ಮೇಲ್ ಬರೆದೆ. ಆಧಾರ್ ಕೊಡುವುದಿಲ್ಲ, ನನ್ನ ನಂಬರನ್ನು ನೀವೇ ಹಾಕಿಕೊಂಡಿದ್ದೀರಿ, ಅದಕ್ಕೇ ಓಟಿಪಿ ಕಳಿಸಿ, ನಾನೇ ಅಂತ ಗೊತ್ತಾಗುತ್ತದೆ. ಉತ್ತರವಿಲ್ಲ. ಮತ್ತೆ ಬರೆದೆ, ಪೊಲೀಸ್ ದೂರಿನ ಪ್ರತಿಯನ್ನೂ ಲಗತ್ತಿಸಿದೆ.

ಓಟಿಪಿ ಬಂತು. ಮಾಹಿತಿ ಹೋಯಿತು. ಕುಣಿದಾಡಿಬಿಟ್ಟೆ.

ಕೆಲವೇ ವಾರ. ಇನ್ನೊಂದು ಸೈಟಿನಲ್ಲಿ ಅದೇ ವಿಳಾಸ, ಅದೇ ಗಿರಣಿ...

ಬೇಜಾರಿನಲ್ಲಿ ಊರಿಗೆ ಹೋಗಿ ಅವ್ವನಿಗೆ ಆ ವಿಳಾಸ ಓದಿ ಹೇಳಿದೆ. ಆಕೆ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಿದಳು.

"ಗಿರಣಿ ಹಿಂದ ಅಂತ ಈಗ ಯಾರು ಅಂತಾರ? ಅದು ಮುಚ್ಚಿ ಎಷ್ಟು ವರ್ಷಾತು. ನೀ ಮನ್ಯಾಗ ಕ್ಲಿನಿಕ್ ಇಟ್ಟಿದ್ದಿ ನೋಡು, ಆವಾಗ ಸಿರುಗುಪ್ಪದಿಂದ ಡೈರೆಕ್ಟರಿಯಾವ ಬಂದು ಹಂಗ ಬರಕೊಂಡು ಹೋಗಿದ್ದ."

ಮರುದಿನವೇ ಸಿರುಗುಪ್ಪದ ಬಸ್ ಹತ್ತಿದೆ. ಊರೂರಿನ ಅಂಗಡಿ, ಕ್ಲಿನಿಕ್‌ಗಳ ವಿಳಾಸದ ಪಟ್ಟಿ ಮಾಡುವ ಆ ಡೈರೆಕ್ಟರಿಯವರ ಅಂಗಡಿ ಬಸ್‌ಸ್ಟ್ಯಾಂಡ್ ಹತ್ತಿರವೇ ಇತ್ತು. ಅವರ ವೆಬ್‌ಸೈಟಿನಲ್ಲಿ ನನ್ನ ಹಳೆಯ ಕ್ಲಿನಿಕ್ ಇನ್ನೂ ತೆರೆದೇ ಇತ್ತು! ಅದೇ ಗಿರಣಿಯ ವಿಳಾಸ. ಬೇರೆ ಸೈಟಿನವರೆಲ್ಲ ಅಲ್ಲಿಂದಲೇ ಎತ್ತಿಕೊಳ್ಳುತ್ತಿದ್ದರು.

"ನಮ್ಮ ಹೆಸ್ರು ಹಾಕ್ರಿ ಅಂತ ಬರ್ತಾರ ಮೇಡಂ. ತೆಗೀರಿ ಅಂತ ಬಂದೋರು ನೀವ ಮೊದಲು" ಅಂದರು ಅಂಗಡಿಯವರು.

ಮನೆಗೆ ಬಂದವನ ಕಥೆ ಹೇಳಿದೆ.

"ನನಗೂ ಮಗಳದಾಳ್ರಿ" ಅಂದು ಕಂಪ್ಯೂಟರ್ ನನ್ನ ಕಡೆ ತಿರುಗಿಸಿದರು. "ನೀವ ಒತ್ತಿಬಿಡ್ರಿ."

ಡಿಲೀಟ್ ಒತ್ತಿದೆ. ಆ ಸುಖವನ್ನು ಹೇಗೆ ಬರೆಯಲಿ...

ಮೂಲ ಹೋದ ಮೇಲೆ ಉಳಿದ ಸೈಟುಗಳ ಬೆನ್ನು ಹತ್ತಿದೆ. ಒಂದೊಂದಕ್ಕೂ ಅದೇ ಮೇಲ್, ಅದೇ ಹಟ. ಸರ್ಚ್‌ನಲ್ಲಿ ಕಾಣುತ್ತಿದ್ದ ಹಳೆಯ ಲಿಂಕುಗಳನ್ನೂ ತೆಗೆಸಿದೆ.

ನಿನ್ನೆ ಅವ್ವನ ಪಕ್ಕ ಕೂತು ಮತ್ತೆ ಹುಡುಕಿದೆ. ನನ್ನ ಹೆಸರಿನ ಬೇರೆ ಯಾರ್ಯಾರೋ ಬಂದರು. ನಾನಿಲ್ಲ, ಅವ್ವನಿಲ್ಲ, ನಮ್ಮ ಮನೆ ಇಲ್ಲ.

"ಹಂಗಾರ ನಾವು ಎಲ್ಲೂ ಇಲ್ಲೇನು?" ಅಂತ ಅವ್ವ ಕೇಳಿದಳು.

"ಇಲ್ಲೇ ಅದೀವಲ್ಲವ್ವ, ನಮ್ಮ ಮನ್ಯಾಗ" ಅಂದೆ. ಇಬ್ಬರೂ ನಕ್ಕೆವು.

ನಿಮ್ಮ ಮನೆಯ ದಾರಿ ಯಾರ್ಯಾರಿಗೆ ಗೊತ್ತಿದೆ ಅಂತ ನೀವು ಒಮ್ಮೆಯಾದರೂ ಹುಡುಕಿ ನೋಡಿದ್ದೀರಾ?